ಎದೆಯಲ್ಲಿ ಪೇಸ್‌ಮೇಕರ್ ಇರುವವರ ಆಪರೇಷನ್: ಮ್ಯಾಗ್ನೆಟ್ ಇಟ್ಟರೆ ಸಾಲದು

ಮಾನ್ಯ ಸಂಪಾದಕರೇ,

ಪೇಸ್‌ಮೇಕರ್ ಇರುವವರು ಮೊಬೈಲನ್ನು ಅಂಗಿಯ ಎದೆ ಜೇಬಿನಲ್ಲಿ ಇಡಬಾರದು ಎಂಬ ಸಲಹೆ ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಆಗಾಗ ಬರುತ್ತದೆ. ವಿಮಾನ ನಿಲ್ದಾಣದ ತಪಾಸಣೆ ಬಾಗಿಲಿನ ಬಗ್ಗೆ, ಎಂಆರ್‌ಐ ಬಗ್ಗೆಯೂ ಬರುತ್ತದೆ. ಒಳ್ಳೆಯದೇ. ಆದರೆ ಪೇಸ್‌ಮೇಕರನ್ನು ಗಲಿಬಿಲಿ ಮಾಡುವ ಇನ್ನೊಂದು ಯಂತ್ರ ಆಪರೇಷನ್ ಥಿಯೇಟರಿನ ಒಳಗೇ ಇದೆ. ದಿನವಿಡೀ ಓಡುತ್ತಿರುತ್ತದೆ. ಅದರ ವಿಷಯ ರೋಗಿಗೂ ಗೊತ್ತಿರುವುದಿಲ್ಲ, ಮನೆಯವರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು ಅನಸ್ತೇಷಿಯಾ ಟೆಕ್ನಿಷಿಯನ್. ರೋಗಿಯ ತಲೆಯ ಕಡೆ, ಅರಿವಳಿಕೆ ವೈದ್ಯರ ಪಕ್ಕದಲ್ಲಿ ನಿಲ್ಲುವುದು ನನ್ನ ಕೆಲಸ. ಮಾನಿಟರ್ ಜೋಡಿಸುತ್ತೇನೆ, ಔಷಧಿ ಸಿರಿಂಜಿಗೆ ಎಳೆದು ಹೆಸರು ಬರೆದಿಡುತ್ತೇನೆ, ಉಸಿರಿನ ಟ್ಯೂಬ್ ಸಿದ್ಧ ಮಾಡುತ್ತೇನೆ. ಸರ್ಜನ್ ಕಣ್ಣು ಗಾಯದ ಮೇಲಿರುತ್ತದೆ. ನಮ್ಮ ಕಣ್ಣು ಪರದೆಯ ಮೇಲಿರುತ್ತದೆ. ಹಾಗಾಗಿ ಹೃದಯದ ಲಯ ತಪ್ಪಿದರೆ ಮೊದಲು ಕಾಣುವುದು ನಮಗೇ.

ಆ ಯಂತ್ರದ ಹೆಸರು ಎಲೆಕ್ಟ್ರೋಸರ್ಜರಿ ಯೂನಿಟ್. ಓಟಿಯಲ್ಲಿ ಯಾರೂ ಹಾಗೆ ಕರೆಯುವುದಿಲ್ಲ, ಕಾಟರಿ ಅನ್ನುತ್ತೇವೆ. ಸರ್ಜನ್ ಕೈಯಲ್ಲಿ ಪೆನ್ಸಿಲಿನಂಥ ಹಿಡಿಕೆ ಇರುತ್ತದೆ. ಅದರಲ್ಲಿ ಎರಡು ಗುಂಡಿ. ಹಳದಿ ಒತ್ತಿದರೆ ಅಂಗಾಂಶ ಕತ್ತರಿಸುತ್ತದೆ, ನೀಲಿ ಒತ್ತಿದರೆ ರಕ್ತನಾಳ ಸುಟ್ಟು ರಕ್ತ ನಿಲ್ಲುತ್ತದೆ. ಇದಿಲ್ಲದೆ ಇವತ್ತು ದೊಡ್ಡ ಆಪರೇಷನ್ ಊಹಿಸಿಕೊಳ್ಳುವುದೂ ಕಷ್ಟ. ರಕ್ತಸ್ರಾವ ಎಷ್ಟು ಕಮ್ಮಿಯಾಗುತ್ತದೆ ಎಂಬುದನ್ನು ನಾನು ದಿನಾ ನೋಡುತ್ತೇನೆ. ನನ್ನ ತಕರಾರು ಯಂತ್ರದ ಮೇಲಲ್ಲ.

ಪೆನ್ಸಿಲ್ ತುದಿಯಿಂದ ಹೊರಟ ಕರೆಂಟ್ ಅಲ್ಲೇ ಮುಗಿಯುವುದಿಲ್ಲ. ಅದು ರೋಗಿಯ ಮೈಯೊಳಗೆ ಹಾದು, ತೊಡೆಗೋ ಪೃಷ್ಠಕ್ಕೋ ಅಂಟಿಸಿರುವ ದೊಡ್ಡ ಪ್ಯಾಡ್ ಮೂಲಕ ಯಂತ್ರಕ್ಕೆ ವಾಪಸ್ ಹೋಗುತ್ತದೆ. ತುದಿ ಚಿಕ್ಕದು, ಅದಕ್ಕೇ ಅಲ್ಲಿ ಸುಡುತ್ತದೆ. ಪ್ಯಾಡ್ ಅಗಲ, ಅದಕ್ಕೇ ಅಲ್ಲಿ ಸುಡುವುದಿಲ್ಲ. ಮಧ್ಯದ ದಾರಿಯಲ್ಲಿ ಇರುವುದು ರೋಗಿಯ ದೇಹ.

ಹಾಗಾದರೆ ಶಾಕ್ ಹೊಡೆಯುವುದಿಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ದಿಕ್ಕು ತಿರುಗಿ ಬರುತ್ತದೆ. ನರ, ಸ್ನಾಯು, ಹೃದಯ ಎಲ್ಲವೂ ಆ ವೇಗಕ್ಕೆ ಸ್ಪಂದಿಸುತ್ತವೆ. ಕಾಟರಿಯ ಕರೆಂಟ್ ಸಾಮಾನ್ಯವಾಗಿ ಸೆಕೆಂಡಿಗೆ ಮೂರರಿಂದ ಐದು ಲಕ್ಷ ಸಲ ಹಾಗೆ ತಿರುಗುತ್ತದೆ. ಸುಮಾರು ಒಂದು ಲಕ್ಷ ದಾಟಿದರೆ ನರಗಳಿಗೆ ಅದು ತಟ್ಟುವುದೇ ಇಲ್ಲ. ಬಿಸಿ ಮಾತ್ರ ಉಳಿಯುತ್ತದೆ. ಈ ಗುಣವನ್ನು 19ನೇ ಶತಮಾನದ ಕೊನೆಯಲ್ಲೇ ಫ್ರಾನ್ಸಿನ ದಾರ್ಸೊನ್‌ವಾಲ್ ತೋರಿಸಿದ್ದರು. 1926ರ ಅಕ್ಟೋಬರ್‌ನಲ್ಲಿ ಬಾಸ್ಟನ್ನಿನಲ್ಲಿ ಮೆದುಳಿನ ಸರ್ಜನ್ ಹಾರ್ವೆ ಕುಶಿಂಗ್, ವಿಲಿಯಂ ಬೋವಿ ಮಾಡಿದ ಯಂತ್ರವನ್ನು ಆಪರೇಷನ್‌ಗೆ ಬಳಸಿದರು. ಅಲ್ಲಿಂದ ಅದು ಎಲ್ಲ ಕಡೆ ಹರಡಿತು. ಮೈಯೊಳಗೆ ಇಡುವ ಮೊದಲ ಪೇಸ್‌ಮೇಕರ್ ಬಂದದ್ದು 1958ರಲ್ಲಿ, ಸ್ವೀಡನ್ನಿನಲ್ಲಿ. ಹೃದಯಕ್ಕೆ ತಾನಾಗಿಯೇ ಶಾಕ್ ಕೊಡುವ ಐಸಿಡಿಯನ್ನು ಮನುಷ್ಯನ ಮೈಯಲ್ಲಿ ಮೊದಲು ಇಟ್ಟದ್ದು 1980ರಲ್ಲಿ. ಅಂದರೆ ಕಾಟರಿ ಹುಟ್ಟಿದಾಗ ಯಾರ ಎದೆಯಲ್ಲೂ ಎಲೆಕ್ಟ್ರಾನಿಕ್ ಸಾಧನ ಇರಲಿಲ್ಲ. ಇವೆರಡೂ ಒಂದೇ ಮೈಯಲ್ಲಿ ಎದುರಾದದ್ದು ಆಮೇಲೆ.

ಯಾವ ಸಾಧನವೂ ಇಲ್ಲದವರು ಇದನ್ನು ಓದಿ ಹೆದರಬೇಕಿಲ್ಲ. ಅವರ ಹೃದಯಕ್ಕೆ ಕಾಟರಿಯಿಂದ ತೊಂದರೆ ಆಗುವುದು ತೀರಾ ಅಪರೂಪ. ತುದಿ ಮತ್ತು ಅಂಗಾಂಶದ ನಡುವೆ ಕಿಡಿ ಹಾರಿದಾಗ ಕರೆಂಟಿನ ಅಲೆಯ ಆಕಾರ ಕೆಡುತ್ತದೆ, ನರಕ್ಕೆ ತಟ್ಟುವಂಥ ನಿಧಾನದ ಅಲೆಗಳು ಅದರಲ್ಲಿ ಸೇರಿಕೊಳ್ಳುತ್ತವೆ. ಮೂತ್ರಕೋಶದ ಪಕ್ಕದ ಗೋಡೆಯಲ್ಲಿ ಗಡ್ಡೆ ಸುಡುವಾಗ ಕಾಲು ಒಮ್ಮೆಲೇ ಜಾಡಿಸುವುದು ಇದರಿಂದಲೇ, ಅಲ್ಲಿ ತೊಡೆಯ ನರ ಹತ್ತಿರ ಹಾದು ಹೋಗುತ್ತದೆ. ಇದನ್ನು ತಡೆಯಲು ಯಂತ್ರದೊಳಗೆ ಕೆಪ್ಯಾಸಿಟರ್ ಇರುತ್ತದೆ. ಆದರೆ ಹೃದಯದೊಳಗೇ ತಂತಿ ಇದ್ದರೆ ಲೆಕ್ಕ ಬೇರೆ. ಚರ್ಮದ ಮೇಲಿಂದ ಹೃದಯದ ಲಯ ಕೆಡಿಸಲು ಸುಮಾರು 100 ಮಿಲಿಆಂಪಿಯರ್ ಮನೆ ಕರೆಂಟ್ ಬೇಕಾದರೆ, ಹೃದಯಕ್ಕೇ ತಾಗಿದ ತಂತಿಯ ಮೂಲಕ ಅದರ ಸಾವಿರದಲ್ಲೊಂದು ಭಾಗ ಸಾಕು. ಹೃದಯದ ಆಪರೇಷನ್ ಆದವರ ಎದೆಯಿಂದ ಹೊರಗೆ ಬಂದಿರುವ ತಾತ್ಕಾಲಿಕ ಪೇಸಿಂಗ್ ತಂತಿಯ ತುದಿಗಳನ್ನು ಬರಿದಾಗಿ ಬಿಡಬಾರದು ಎನ್ನುವುದು ಇದಕ್ಕೇ.

ಇನ್ನೊಂದು ಮಾತು. ಆಪರೇಷನ್ ಮಧ್ಯೆ ಬಡಿತ ನಿಧಾನವಾದರೆ ಅದನ್ನೆಲ್ಲ ಕಾಟರಿಯ ತಲೆಗೆ ಕಟ್ಟುವುದೂ ತಪ್ಪು. ಲ್ಯಾಪರೋಸ್ಕೋಪಿಗೆ ಹೊಟ್ಟೆಯೊಳಗೆ ಗ್ಯಾಸ್ ತುಂಬಿದಾಗ, ಕರುಳಿನ ಪೊರೆ ಎಳೆದಾಗ, ಕಣ್ಣಿನ ಸ್ನಾಯು ಎಳೆದಾಗ ಹೃದಯ ನಿಧಾನವಾಗುತ್ತದೆ. ಗ್ಯಾಸ್ ಇಳಿಸಿದರೆ, ಎಳೆಯುವುದನ್ನು ಬಿಟ್ಟರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪೇಸ್‌ಮೇಕರ್ ಸುಮ್ನೆ ಬಡಿಯುತ್ತಾ ಕೂರುವ ಯಂತ್ರವಲ್ಲ. ಅದು ಮೊದಲು ಕೇಳಿಸಿಕೊಳ್ಳುತ್ತದೆ. ಹೃದಯ ತಾನಾಗಿಯೇ ಬಡಿದರೆ ಸುಮ್ಮನಿರುತ್ತದೆ. ಬಡಿಯದಿದ್ದರೆ ತಾನು ಒಂದು ಬಡಿತ ಕೊಡುತ್ತದೆ. ಅದು ಕಿವಿಗೊಡುವ ಹೃದಯದ ವಿದ್ಯುತ್ ಸಂಕೇತ ಕೆಲವೇ ಮಿಲಿವೋಲ್ಟ್. ಕಾಟರಿಯ ತುದಿಯಲ್ಲಿ ರಕ್ತ ನಿಲ್ಲಿಸುವಾಗ ವೋಲ್ಟೇಜ್ ಸಾವಿರಗಳಿಗೆ ಏರುತ್ತದೆ. ಅದರ ಗದ್ದಲ ಪೇಸ್‌ಮೇಕರಿನ ತಂತಿಗೆ ತಲುಪಿದಾಗ, ಪೇಸ್‌ಮೇಕರ್ ಆ ಗದ್ದಲವನ್ನೇ ಹೃದಯದ ಬಡಿತ ಎಂದುಕೊಳ್ಳುತ್ತದೆ. ಹೃದಯ ಚೆನ್ನಾಗಿಯೇ ಬಡಿಯುತ್ತಿದೆಯಲ್ಲ ಎಂದು ತಾನು ಸುಮ್ಮನಾಗುತ್ತದೆ. ಸ್ವಂತ ಬಡಿತ ಸ್ವಲ್ಪವಾದರೂ ಇರುವ ರೋಗಿಗೆ ಇದರಿಂದ ಅಷ್ಟೇನೂ ಆಗುವುದಿಲ್ಲ. ಪೂರ್ತಿ ಪೇಸ್‌ಮೇಕರನ್ನೇ ನಂಬಿ ನಡೆಯುವ ಹೃದಯವಾದರೆ ಅಷ್ಟು ಹೊತ್ತು ನಿಂತೇ ಬಿಡುತ್ತದೆ. ಉಸಿರಾಟ ನೋಡಿಕೊಂಡು ವೇಗ ಬದಲಿಸುವ ಕೆಲವು ಪೇಸ್‌ಮೇಕರ್‌ಗಳು ಇದಕ್ಕೆ ಉಲ್ಟಾ, ಗದ್ದಲ ಕೇಳಿ ವೇಗವಾಗಿ ಓಡಿಸತೊಡಗುತ್ತವೆ.

ಐಸಿಡಿಯ ಕಥೆ ಬೇರೆ. ಹೃದಯ ಲಯ ತಪ್ಪಿ ಬರೀ ನಡುಗತೊಡಗಿದರೆ ಶಾಕ್ ಕೊಟ್ಟು ಬದುಕಿಸಲೆಂದೇ ಅದನ್ನು ಇಟ್ಟಿರುತ್ತಾರೆ. ಕಾಟರಿಯ ಗದ್ದಲ ಅದಕ್ಕೆ ಆ ನಡುಕದಂತೆಯೇ ಕೇಳಿಸಬಹುದು. ಆಗ ಚೆನ್ನಾಗಿರುವ ಹೃದಯಕ್ಕೆ ಶಾಕ್ ಹೊಡೆಯುತ್ತದೆ. ಸರ್ಜನ್ ಸೂಕ್ಷ್ಮ ಜಾಗದಲ್ಲಿ ಕೈ ಇಟ್ಟಿರುವಾಗ ರೋಗಿಯ ಮೈ ಎಗರಿ ಬಿದ್ದರೆ ಏನಾಗಬಹುದು, ನೀವೇ ಯೋಚಿಸಿ.

ಇದಕ್ಕೆಲ್ಲ ಓಟಿಯಲ್ಲಿ ಸಿದ್ಧವಾಗಿರುವ ಒಂದು ಉತ್ತರ ಇದೆ: "ಮ್ಯಾಗ್ನೆಟ್ ಇಡಿ." ಬಳೆಯಾಕಾರದ ದಪ್ಪ ಅಯಸ್ಕಾಂತವನ್ನು ಎದೆಯ ಮೇಲೆ, ಸಾಧನ ಇರುವ ಜಾಗಕ್ಕೆ ಟೇಪ್ ಹಾಕಿ ಅಂಟಿಸುತ್ತಾರೆ. ಆಮೇಲೆ ಎಲ್ಲರಿಗೂ ನೆಮ್ಮದಿ. ಆ ನೆಮ್ಮದಿಯೇ ನನಗೆ ಭಯ ಹುಟ್ಟಿಸುತ್ತದೆ. ಯಾಕೆಂದು ಒಂದು ಘಟನೆಯ ಮೂಲಕ ಹೇಳುತ್ತೇನೆ. ಆಸ್ಪತ್ರೆಯ ಹೆಸರು ಬೇಡ. ಇಂಥದ್ದು ಎಲ್ಲಿ ಬೇಕಾದರೂ ಆಗಬಹುದಿತ್ತು.

ವಯಸ್ಸಾದ ಒಬ್ಬರಿಗೆ ಎಡ ಭುಜದ ಹಿಂದೆ ಗಡ್ಡೆ ಬೆಳೆದಿತ್ತು. ತೆಗೆಯಬೇಕಿತ್ತು. ಫೈಲಿನ ಮೇಲೆ ಕೆಂಪು ಶಾಯಿಯಲ್ಲಿ "ಪೇಸ್‌ಮೇಕರ್ ಇದೆ" ಎಂದು ಬರೆದಿತ್ತು. ಅಷ್ಟೇ. ಯಾವ ಕಂಪನಿಯದು, ಯಾವಾಗ ಹಾಕಿದ್ದು, ಯಾಕೆ ಹಾಕಿದ್ದು ಏನೂ ಇರಲಿಲ್ಲ. ಕೇಳಿದ್ದಕ್ಕೆ ಅವರು, "ಎದೆಗೆ ಬ್ಯಾಟರಿ ಇಟ್ಟಿದ್ದಾರೆ ಸಿಸ್ಟರ್, ಕಾರ್ಡ್ ಮನೇಲಿದೆ" ಅಂದರು. ಸಾಧನ ಹಾಕಿದ ಆಸ್ಪತ್ರೆ ಕೊಡುವ, ಅದರ ವಿವರ ಇರುವ ಕಾರ್ಡ್ ಅದು. ಅರಿವಳಿಕೆ ಕೊಟ್ಟು ಬಲಕ್ಕೆ ಮಗ್ಗುಲಾಗಿ ಮಲಗಿಸಿದರು. ಮ್ಯಾಗ್ನೆಟ್ ಅಂಟಿಸಿದರು. ಕಾಟರಿ ಪ್ಯಾಡನ್ನು ಯಾವಾಗಲೂ ಹಾಕುವ ಹಾಗೆ ತೊಡೆಗೆ ಹಾಕಿದರು. ಎಡ ಭುಜದಿಂದ ತೊಡೆಗೆ ಗೆರೆ ಎಳೆದು ನೋಡಿ. ಅದು ಎದೆಯ ಮೇಲೇ ಹೋಗುತ್ತದೆ.

ಚರ್ಮ ಕೊಯ್ದು ನೀಲಿ ಗುಂಡಿ ಒತ್ತಿದ ಕೂಡಲೇ ಇಸಿಜಿ ಗೆರೆ ಹುಲ್ಲು ಕೆದರಿದಂತಾಯಿತು. ಇದು ಪ್ರತಿ ಆಪರೇಷನ್ನಿನಲ್ಲೂ ಆಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲಾರ್ಮ್ ಕೂಗಿತು, ಯಾರೋ ಸೈಲೆಂಟ್ ಮಾಡಿದರು. ನಾನು ನೋಡುತ್ತಿದ್ದದ್ದು ಕೆಳಗಿನ ಗೆರೆ, ಬೆರಳಿಗೆ ಹಾಕಿದ ಆಮ್ಲಜನಕದ ಕ್ಲಿಪ್ಪಿನದು. ಪ್ರತಿ ಬಡಿತಕ್ಕೆ ಬೆರಳಿಗೆ ರಕ್ತ ಬಂದಾಗ ಅಲ್ಲಿ ಒಂದು ಅಲೆ ಏಳುತ್ತದೆ, ಒಂದು ಬೀಪ್ ಕೇಳುತ್ತದೆ. ಆ ಅಲೆ ಮಟ್ಟಸವಾಯಿತು. ಬೀಪ್ ನಿಂತಿತು. ನಾನು ಕೂಗಿ ಹೇಳಿದೆ. ಅರಿವಳಿಕೆ ವೈದ್ಯರು ಆಗಲೇ ಕತ್ತಿನ ನಾಡಿಗೆ ಬೆರಳಿಟ್ಟಿದ್ದರು. "ಸ್ಟಾಪ್ ಕಾಟರಿ!" ಅಂದರು. ಸರ್ಜನ್ ಕೈ ಎತ್ತಿದರು. ಬೀಪ್ ಮತ್ತೆ ಶುರುವಾಯಿತು.

ಎಲ್ಲರಿಗೂ ಆಶ್ಚರ್ಯ. ಮ್ಯಾಗ್ನೆಟ್ ಜಾಗದಲ್ಲೇ ಇದೆ. ಇನ್ನೊಮ್ಮೆ ಸ್ವಲ್ಪವೇ ಹೊತ್ತು ಒತ್ತಿದರು. ಅಷ್ಟು ಹೊತ್ತೂ ಅಲೆ ಇಲ್ಲ. ಅಲ್ಲಿಗೆ ಸರ್ಜನ್ ಪೆನ್ಸಿಲ್ ಬದಿಗಿಟ್ಟು ಬೈಪೋಲಾರ್ ಇಕ್ಕಳ ಕೇಳಿದರು. ಇದರಲ್ಲಿ ಕರೆಂಟ್ ಇಕ್ಕಳದ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತ್ರ ಹೋಗುತ್ತದೆ, ಮೈಯೆಲ್ಲ ಸುತ್ತುವುದಿಲ್ಲ. ಕೆಲಸ ನಿಧಾನವಾಯಿತು, ಆದರೆ ಅಲೆ ಮತ್ತೆ ನಿಲ್ಲಲಿಲ್ಲ. ಹೊರಗೆ ಕೂತಿದ್ದ ಮಗನನ್ನು ಕೇಳಿ ಮನೆಯಿಂದ ಕಾರ್ಡಿನ ಫೋಟೊ ತರಿಸಿದೆವು. ಅದು ಪೇಸ್‌ಮೇಕರ್ ಆಗಿರಲಿಲ್ಲ, ಐಸಿಡಿ ಆಗಿತ್ತು.

ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇದು. ಮ್ಯಾಗ್ನೆಟ್ ಇಟ್ಟಾಗ ಸಾಮಾನ್ಯ ಪೇಸ್‌ಮೇಕರ್ ಕೇಳಿಸಿಕೊಳ್ಳುವುದನ್ನು ಬಿಟ್ಟು ಒಂದೇ ವೇಗದಲ್ಲಿ ಬಡಿತ ಕೊಡುತ್ತಾ ಹೋಗುತ್ತದೆ. ಗದ್ದಲ ಎಷ್ಟಿದ್ದರೂ ನಿಲ್ಲಿಸುವುದಿಲ್ಲ. ಐಸಿಡಿ ಹಾಗೆ ಮಾಡುವುದಿಲ್ಲ. ಮ್ಯಾಗ್ನೆಟ್ ಇಟ್ಟರೆ ಅದು ಶಾಕ್ ಕೊಡುವುದನ್ನು ಮಾತ್ರ ನಿಲ್ಲಿಸುತ್ತದೆ. ಐಸಿಡಿಯೊಳಗೂ ಪೇಸ್‌ಮೇಕರ್ ಇರುತ್ತದಲ್ಲ, ಆ ಭಾಗ ಮೊದಲಿನಂತೆಯೇ ಕೇಳಿಸಿಕೊಳ್ಳುತ್ತಾ, ಮೋಸ ಹೋಗುತ್ತಾ ಇರುತ್ತದೆ. ಅವತ್ತು ಮ್ಯಾಗ್ನೆಟ್ ಅವರನ್ನು ಬೇಡದ ಶಾಕ್‌ನಿಂದ ಕಾಪಾಡಿತು. ಬಡಿತ ನಿಲ್ಲುವುದರಿಂದ ಕಾಪಾಡಲಿಲ್ಲ. ಅಂಥವರಿಗೆ ಆಪರೇಷನ್‌ಗೆ ಮೊದಲೇ ಪ್ರೋಗ್ರಾಮರ್ ಎಂಬ ಕಂಪ್ಯೂಟರ್ ತರಿಸಿ ಐಸಿಡಿಯ ಸೆಟ್ಟಿಂಗ್ ಬದಲಿಸಬೇಕು. ಮ್ಯಾಗ್ನೆಟ್‌ನಿಂದ ಅದು ಆಗುವುದಿಲ್ಲ.

ನನಗೆ ಹೆಚ್ಚು ಬೇಸರ ತಂದದ್ದು ಇನ್ನೊಂದು ವಿಷಯ. ಫೈಲಿನಲ್ಲಿ ಎದೆಯ ಎಕ್ಸ್‌ರೇ ಇತ್ತು. ಐಸಿಡಿಯ ತಂತಿಯಲ್ಲಿ ಶಾಕ್ ಕೊಡುವ ಭಾಗ ದಪ್ಪ ಸುರುಳಿಯಂತೆ ಎಕ್ಸ್‌ರೇಯಲ್ಲಿ ಎದ್ದು ಕಾಣುತ್ತದೆ. ಪೇಸ್‌ಮೇಕರ್ ತಂತಿ ಉದ್ದಕ್ಕೂ ತೆಳ್ಳಗಿರುತ್ತದೆ. ಬೆಳಕಿಗೆ ಹಿಡಿದು ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು. ಶ್ವಾಸಕೋಶ ಸರಿಯಿದೆ ಎಂದು ನೋಡಿ ಎಕ್ಸ್‌ರೇಯನ್ನು ಒಳಗಿಟ್ಟಿದ್ದರು.

ಪೇಸ್‌ಮೇಕರ್ ಎಂಬುದು ಖಚಿತವಾಗಿದ್ದರೂ ಮ್ಯಾಗ್ನೆಟ್ ಒಂದನ್ನೇ ನಂಬುವಂತಿಲ್ಲ. ಒಂದು ಕಂಪನಿಯದು ಮ್ಯಾಗ್ನೆಟ್ ಇಟ್ಟಾಗ ನಿಮಿಷಕ್ಕೆ 85 ಬಡಿತ ಕೊಟ್ಟರೆ ಇನ್ನೊಂದರದ್ದು 100 ಕೊಡುತ್ತದೆ. ಬ್ಯಾಟರಿ ಮುಗಿಯುತ್ತಾ ಬಂದಿದ್ದರೆ ಆ ವೇಗವೂ ಇಳಿಯುತ್ತದೆ. ಕೆಲವು, ಹತ್ತು ಬಡಿತ ಮಾತ್ರ ಹಾಗೆ ಕೊಟ್ಟು ಮತ್ತೆ ಕೇಳಿಸಿಕೊಳ್ಳಲು ಶುರು ಮಾಡುತ್ತವೆ. ಕೆಲವದರಲ್ಲಿ ಮ್ಯಾಗ್ನೆಟ್‌ಗೆ ಸ್ಪಂದಿಸುವುದನ್ನೇ ಸೆಟ್ಟಿಂಗಿನಲ್ಲಿ ಬಂದ್ ಮಾಡಿರಬಹುದು. ರೋಗಿ ಮಗ್ಗುಲಾದಾಗ ಮ್ಯಾಗ್ನೆಟ್ ಜಾರುವುದೂ ಉಂಟು, ಮೇಲೆ ಹೊದಿಕೆ ಇರುವುದರಿಂದ ಕಾಣುವುದಿಲ್ಲ. ಈಗ ತಂತಿಯೇ ಇಲ್ಲದ ಪೇಸ್‌ಮೇಕರ್‌ಗಳು ಬಂದಿವೆ. ಮಾತ್ರೆಯಂಥ ಚಿಕ್ಕ ಸಾಧನವನ್ನು ತೊಡೆಸಂದಿಯ ರಕ್ತನಾಳದ ಮೂಲಕ ಹೃದಯದೊಳಗೇ ಕೂರಿಸುತ್ತಾರೆ. ಎದೆಯ ಮೇಲೆ ಗಾಯದ ಗುರುತಿಲ್ಲ, ಉಬ್ಬಿಲ್ಲ. ಇವುಗಳಲ್ಲಿ ಮ್ಯಾಗ್ನೆಟ್ ಗುರುತಿಸುವ ಭಾಗವೇ ಇಲ್ಲದವೂ ಇವೆ. ರೋಗಿ ಹೇಳದಿದ್ದರೆ ನಮಗೆ ಗೊತ್ತಾಗುವುದಾದರೂ ಹೇಗೆ?

ಹಾಗಾಗಿ ಆಸ್ಪತ್ರೆಗಳಿಗೆ ನಾನು ಕೇಳುವುದು ಇಷ್ಟೇ. ಆಪರೇಷನ್‌ಗೆ ಮೊದಲು ತುಂಬಿಸುವ ಫಾರಂನಲ್ಲಿ ಸಕ್ಕರೆ ಕಾಯಿಲೆ ಇದೆಯೇ, ರಕ್ತದೊತ್ತಡ ಇದೆಯೇ, ಕಟ್ಟಿಸಿದ ಹಲ್ಲು ಇದೆಯೇ, ಮೈಮೇಲಿನ ಒಡವೆ ತೆಗೆದಿದ್ದೀರಾ ಎಂದೆಲ್ಲ ಕೇಳುತ್ತಾರೆ. ನಾನು ನೋಡಿದ ಎಷ್ಟೋ ಫಾರಂಗಳಲ್ಲಿ ಹೃದಯದ ಸಾಧನಕ್ಕೆ ಜಾಗವೇ ಇಲ್ಲ. ಇದ್ದರೆ ಒಂದು ಹೌದು-ಇಲ್ಲ ಚೌಕ. ಅದು ಸಾಲದು. ಅದು ಪೇಸ್‌ಮೇಕರ್ರೋ ಐಸಿಡಿಯೋ, ರೋಗಿಯ ಹೃದಯ ಅದನ್ನೇ ಪೂರ್ತಿ ನಂಬಿದೆಯೋ, ಕೊನೆಯ ಸಲ ತಪಾಸಣೆ ಆದದ್ದು ಯಾವಾಗ, ಮ್ಯಾಗ್ನೆಟ್ ಇಟ್ಟರೆ ಅದು ಏನು ಮಾಡುತ್ತದೆ ಎಂಬುದು ಫಾರಂನಲ್ಲಿ ಬರಬೇಕು. ಉತ್ತರ ಸಿಗುವವರೆಗೆ, ತುರ್ತಿಲ್ಲದ ಆಪರೇಷನ್‌ಗೆ ದಿನ ಕೊಡಬಾರದು.

ಇದು ನನ್ನ ಸ್ವಂತ ಕಲ್ಪನೆಯಲ್ಲ. ಅಮೆರಿಕದ ಹೃದಯ ಲಯ ತಜ್ಞರ ಸಂಘ ಮತ್ತು ಅರಿವಳಿಕೆ ತಜ್ಞರ ಸಂಘ ಸೇರಿ 2011ರಲ್ಲೇ ಮಾರ್ಗಸೂಚಿ ಕೊಟ್ಟಿವೆ. ಅದರ ಪ್ರಕಾರ ಆಪರೇಷನ್‌ಗೆ ಹಿಂದಿನ 12 ತಿಂಗಳೊಳಗೆ ಪೇಸ್‌ಮೇಕರ್ ತಪಾಸಣೆ ಆಗಿರಬೇಕು. ಐಸಿಡಿಯಾದರೆ 6 ತಿಂಗಳೊಳಗೆ. ಹೃದಯದ ಎರಡೂ ಬದಿಯನ್ನು ಒಟ್ಟಿಗೆ ಬಡಿಸುವ ಸಿಆರ್‌ಟಿ ಸಾಧನವಾದರೆ ಮೂರರಿಂದ ಆರು ತಿಂಗಳೊಳಗೆ. ಹೊಕ್ಕುಳಿಗಿಂತ ಕೆಳಗಿನ ಆಪರೇಷನ್‌ಗೆ, ಪ್ಯಾಡ್ ತೊಡೆ ಅಥವಾ ಪೃಷ್ಠದಲ್ಲಿದ್ದರೆ, ಸಾಧನಕ್ಕೆ ತೊಂದರೆಯಾಗುವ ಸಾಧ್ಯತೆ ಕಮ್ಮಿ. ಮೇಲಿನದಕ್ಕೆ ಹುಷಾರು ಬೇಕು. ಪ್ಯಾಡನ್ನು ಕರೆಂಟಿನ ದಾರಿ ಸಾಧನವನ್ನು ಹಾದು ಹೋಗದ ಹಾಗೆ ಅಂಟಿಸಬೇಕು. ಆ ಭುಜದ ಆಪರೇಷನ್‌ನಲ್ಲಿ ಅದೇ ಕಡೆಯ ತೋಳಿನ ಹಿಂಭಾಗಕ್ಕೆ ಅಂಟಿಸಬಹುದಿತ್ತು. ಕಾಟರಿಯನ್ನು ಐದು ಸೆಕೆಂಡಿಗಿಂತ ಕಮ್ಮಿ ಹೊತ್ತು ಒತ್ತಿ, ನಡುವೆ ಬಿಡುವು ಕೊಡಬೇಕು. ಸಾಧ್ಯವಾದ ಕಡೆ ಬೈಪೋಲಾರ್ ಬಳಸಬೇಕು. ಇಲ್ಲವೇ ಅಲ್ಟ್ರಾಸೌಂಡ್ ಕಂಪನದಿಂದ ಕತ್ತರಿಸುವ ಉಪಕರಣ ಬಳಸಬೇಕು, ಅದರಲ್ಲಿ ರೋಗಿಯ ಮೈಗೆ ಕರೆಂಟೇ ಹೋಗುವುದಿಲ್ಲ. ಹೊರಗಿನಿಂದ ಬಡಿತ ಮತ್ತು ಶಾಕ್ ಕೊಡುವ ಡಿಫಿಬ್ರಿಲೇಟರ್ ಕೋಣೆಯೊಳಗೇ ಇರಬೇಕು.

ಓಟಿಯಲ್ಲಿ ಕೆಲಸ ಮಾಡುವ ನನ್ನ ಸಹೋದ್ಯೋಗಿಗಳಿಗೆ ಮಾನಿಟರ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಕಾಟರಿ ಓಡುವಾಗ ಇಸಿಜಿಯನ್ನು ನಂಬಬೇಡಿ. ಗದ್ದಲದ ಗೆರೆಗಳನ್ನು ಬಡಿತವೆಂದು ಎಣಿಸಿ ಮಾನಿಟರ್ 180 ತೋರಿಸುತ್ತದೆ, ನಿಜವಾಗಿ ಹೃದಯ ನಿಂತಿರಬಹುದು. ಗದ್ದಲವೇ ಮಾರಣಾಂತಿಕ ನಡುಕದಂತೆ ಕಾಣಿಸಿ, ಚೆನ್ನಾಗಿರುವ ರೋಗಿಯ ಎದೆ ಒತ್ತಲು ಹೊರಡುವ ಅಪಾಯವೂ ಇದೆ. ಪೇಸ್‌ಮೇಕರ್ ಕೊಟ್ಟ ವಿದ್ಯುತ್ ಮಿಡಿತವನ್ನೇ ಕೆಲವು ಮಾನಿಟರ್‌ಗಳು ಹೃದಯದ ಬಡಿತ ಎಂದು ಲೆಕ್ಕ ಹಾಕುತ್ತವೆ, ಹೃದಯ ಅದಕ್ಕೆ ಸ್ಪಂದಿಸಿತೋ ಇಲ್ಲವೋ ಅವಕ್ಕೆ ಗೊತ್ತಾಗುವುದಿಲ್ಲ. ಬೆರಳಿನ ಕ್ಲಿಪ್ಪಿನ ಅಲೆ ಬೆಳಕಿನಿಂದ ಬರುವುದು. ರಕ್ತ ನಿಜವಾಗಿ ಬೆರಳಿಗೆ ಬಂದರೆ ಮಾತ್ರ ಅದು ಏಳುತ್ತದೆ. ದೊಡ್ಡ ಆಪರೇಷನ್ ಆದರೆ ರಕ್ತನಾಳದೊಳಗೇ ಇಟ್ಟ ಒತ್ತಡದ ಗೆರೆ ಇನ್ನೂ ಒಳ್ಳೆಯದು. ಎರಡೂ ಇಲ್ಲದಿದ್ದರೆ ನಾಡಿಯ ಮೇಲೆ ಬೆರಳಿಡಿ. ಬೀಪ್ ಸದ್ದನ್ನು ಮಾತ್ರ ಯಾರು ಹೇಳಿದರೂ ಪೂರ್ತಿ ಇಳಿಸಬೇಡಿ. ಸದ್ದು ಕಿರಿಕಿರಿ ಅನ್ನುವ ಹಿರಿಯರು ಇರುತ್ತಾರೆ. "ಸರ್, ಇವರಿಗೆ ಪೇಸ್‌ಮೇಕರ್ ಇದೆ, ಬೀಪ್ ಬೇಕು" ಎಂದು ಗೌರವದಿಂದಲೇ ಹೇಳಿ. ಒಪ್ಪದವರನ್ನು ನಾನು ಕಂಡಿಲ್ಲ.

ದೊಡ್ಡ ಓಟಿಯಲ್ಲಾದರೆ ನಾವೆಲ್ಲ ಇರುತ್ತೇವೆ. ನನಗೆ ಜಾಸ್ತಿ ಚಿಂತೆ ಸಣ್ಣ ಕೆಲಸಗಳದು. ನರುಳ್ಳೆ ಸುಡುವಾಗ, ಮಚ್ಚೆ ತೆಗೆಯುವಾಗ, ಕೊಲೊನೋಸ್ಕೋಪಿಯಲ್ಲಿ ಕರುಳಿನ ಪಾಲಿಪ್ ಕತ್ತರಿಸುವಾಗ, ದಂತ ಚಿಕಿತ್ಸೆಯಲ್ಲಿ ವಸಡು ಸರಿಮಾಡುವಾಗ ಕೂಡ ಇದೇ ಬಗೆಯ ಕರೆಂಟ್ ಬಳಸುವುದುಂಟು. ಅಲ್ಲಿ ಅರಿವಳಿಕೆ ವೈದ್ಯರು ಇರದಿರಬಹುದು, ಮಾನಿಟರ್ ಕೂಡ ಇರದಿರಬಹುದು. "ಐದು ನಿಮಿಷದ ಕೆಲಸ, ಅದಕ್ಕೆ ಯಾಕೆ ಹಳೇ ಕಥೆಯೆಲ್ಲ" ಎಂದು ರೋಗಿಯೂ ಹೇಳುವುದಿಲ್ಲ, ವೈದ್ಯರೂ ಕೇಳುವುದಿಲ್ಲ. ಸಾಧನ ಇರುವವರು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡಿ. "ಕಾಟರಿ ಬಳಸುತ್ತೀರಾ?" ಎಂದು ಬಾಯಿಬಿಟ್ಟು ಕೇಳಿ. ಇದನ್ನು ಕೇಳುವುದು ವೈದ್ಯರಿಗೆ ಅವಮಾನವಲ್ಲ. ಒಳ್ಳೆಯ ವೈದ್ಯರು ಕೇಳಿದ್ದಕ್ಕೆ ಖುಷಿಪಡುತ್ತಾರೆ.

ಈ ಪತ್ರ ಓದಿ ಯಾರೂ ಬೇಕಾದ ಆಪರೇಷನ್ ಮುಂದೂಡಬಾರದು ಎಂದು ಕೈಮುಗಿದು ಕೇಳುತ್ತೇನೆ. ಸಾಧನ ಇರುವವರ ಆಪರೇಷನ್ ದಿನಾ ನಡೆಯುತ್ತವೆ, ಚೆನ್ನಾಗಿಯೇ ಮುಗಿಯುತ್ತವೆ. ಮೊದಲೇ ಗೊತ್ತಿದ್ದರೆ ಇದು ಸಂಭಾಳಿಸಬಹುದಾದ ವಿಷಯ. ನಾನು ಹೇಳಿದ ಆ ಹಿರಿಯರೂ ಚೇತರಿಸಿಕೊಂಡು ಮನೆಗೆ ಹೋದರು.

ಆದರೆ ಮನೆಗೆ ಹೋಗುವ ಮೊದಲು ಇನ್ನೊಂದು ಕೆಲಸ ಬಾಕಿ ಇರುತ್ತದೆ. ಅದನ್ನು ಮರೆಯುವುದು ಸುಲಭ. ಐಸಿಡಿಯ ಶಾಕ್ ಸೌಲಭ್ಯವನ್ನು ಪ್ರೋಗ್ರಾಮರ್‌ನಿಂದ ಬಂದ್ ಮಾಡಿದ್ದರೆ, ಅದು ತಾನಾಗಿಯೇ ಮತ್ತೆ ಶುರುವಾಗುವುದಿಲ್ಲ. ಯಾರಾದರೂ ಬಂದು ಶುರು ಮಾಡಬೇಕು. ಅಲ್ಲಿಯವರೆಗೆ ರೋಗಿ ಮಾನಿಟರ್ ಬಿಟ್ಟು ಹೋಗಬಾರದು, ಪಕ್ಕದಲ್ಲಿ ಡಿಫಿಬ್ರಿಲೇಟರ್ ಇರಬೇಕು. ಬಂದ್ ಆಗಿರುವ ಐಸಿಡಿ ಇಟ್ಟುಕೊಂಡು ಮನೆಗೆ ಹೋದರೆ, ಹೃದಯ ನಡುಗಿದ ದಿನ ಅದು ಏನೂ ಮಾಡುವುದಿಲ್ಲ. ಕಾಟರಿಯ ಕರೆಂಟ್ ತಂತಿಯ ಮೂಲಕ ಹರಿದು ಹೃದಯದೊಳಗಿನ ತುದಿಯಲ್ಲಿ ಸುಟ್ಟಿದ್ದರೆ ಪೇಸ್‌ಮೇಕರ್ ಕೊಡುವ ಮಿಡಿತ ಹೃದಯಕ್ಕೆ ನಾಟದೆಯೂ ಹೋಗಬಹುದು. ಹೊಟ್ಟೆಯ ಮೇಲ್ಭಾಗ, ಎದೆ, ಭುಜ, ಕತ್ತಿನ ಆಪರೇಷನ್ ಆದವರ ಸಾಧನವನ್ನು ಆಮೇಲೆ ತಪ್ಪದೆ ಪರೀಕ್ಷಿಸಬೇಕು. ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಸಾಲು ಇರಲಿ: ಸಾಧನ ಪರೀಕ್ಷಿಸಲಾಗಿದೆ, ಶಾಕ್ ಸೌಲಭ್ಯ ಚಾಲೂ ಇದೆ, ಪರೀಕ್ಷಿಸಿದವರ ಸಹಿ. ಆ ಸಾಲು ಇಲ್ಲದಿದ್ದರೆ ಮನೆಯವರು ಕೇಳಿ ಬರೆಸಿಕೊಳ್ಳಿ.

ನಿಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಇಂಥ ಸಾಧನ ಇರುವವರಿದ್ದರೆ ಕಾರ್ಡ್ ಎಲ್ಲಿದೆ ಎಂದು ಇವತ್ತೇ ಹುಡುಕಿ. ಎರಡೂ ಬದಿಯ ಫೋಟೊ ತೆಗೆದು ಮನೆಯ ಎಲ್ಲರ ಫೋನಿಗೆ ಕಳಿಸಿ. ಒಬ್ಬರ ಫೋನಿನಲ್ಲಿದ್ದರೆ ಸಾಲದು, ಬೇಕಾದ ಹೊತ್ತಿಗೆ ಆ ಒಬ್ಬರು ಸಿಗದೆ ಹೋಗಬಹುದು. ಕಾರ್ಡ್ ಕಳೆದಿದ್ದರೆ ಸಾಧನ ಹಾಕಿದ ಆಸ್ಪತ್ರೆಯನ್ನು ಕೇಳಿ. ಸಂಪಾದಕರೇ, ಹೃದಯದ ಲಯದ ತಜ್ಞರೊಬ್ಬರಿಂದ ಇದರ ಬಗ್ಗೆ ವಿವರವಾದ ಲೇಖನ ಬರೆಸಿದರೆ ನನ್ನಂಥವರಿಗೆ ದೊಡ್ಡ ಉಪಕಾರ. ಬರೆಯುವವರಿಗೆ ತಂತಿಯಿಲ್ಲದ ಪೇಸ್‌ಮೇಕರ್ ಬಗ್ಗೆ ಸ್ವಲ್ಪ ಹೆಚ್ಚು ಬರೆಯಲು ಹೇಳಿ. ಅದು ಇರುವವರು ಇನ್ನು ಮುಂದೆ ನಮ್ಮ ಟೇಬಲ್ಲಿಗೆ ಜಾಸ್ತಿ ಬರುತ್ತಾರೆ.

ಇಂತಿ ನಿಮ್ಮ ಓದುಗರಲ್ಲೊಬ್ಬಳು,
ಒಬ್ಬ ಅನಸ್ತೇಷಿಯಾ ಟೆಕ್ನಿಷಿಯನ್